ಹುಸೇನಪೀರ ಮಾಸ್ತರರ ಬೆರಳು

ಅಯಾಜ್‌ನಿಗೆ ಕ್ರಿಕೆಟ್ಟೇ ಅನ್ನ ಹಾಕಿತು ಎಂದು ಸವದತ್ತಿಯ ಜನ ಹೇಳುತ್ತಿದ್ದರು. ಆ ಅನ್ನವನ್ನು ಹದಿನೇಳು ವರ್ಷದಿಂದ ಬೇಯಿಸುತ್ತ ಬಂದವಳು ಅವನ ಹೆಂಡತಿ ಅಂಬರೀನ. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳು, ಅನ್ನ ಹಾಕಿದ್ದು ನಿಜ, ಅದನ್ನು ನೆಮ್ಮದಿಯಿಂದ ಉಣ್ಣಲು ಮಾತ್ರ ಬಿಡಲಿಲ್ಲ ಎನ್ನುತ್ತಿದ್ದಳು.

ಕಾಲೇಜಿನ ದಿನಗಳಲ್ಲಿ ಅಯಾಜ್ ಫಾಸ್ಟ್ ಬೌಲರ್. ಯುನಿವರ್ಸಿಟಿ ತಂಡಕ್ಕೆ ಆಡಿ ಹೆಸರು ಮಾಡಿದ. ಹುಬ್ಬಳ್ಳಿಯ ಪಂಪ್‌ಸೆಟ್ ಕಂಪನಿಯೊಂದು ತನ್ನ ಟೀಮಿಗೆ ಬೇಕೆಂದು ಕರೆದು ನೌಕರಿ ಕೊಟ್ಟಿತು. ಕೆಲವು ವರ್ಷಗಳಲ್ಲಿ ಅವನ ಮೊಣಕಾಲು ಹೋಯಿತು, ಅದರ ಹಿಂದೆಯೇ ಕಂಪನಿಯ ಟೀಮೂ ಹೋಯಿತು. ಉಳಿದ ಅಯಾಜ್‌ನನ್ನು ಏನು ಮಾಡಬೇಕೆಂದು ತಿಳಿಯದೆ ಸೇಲ್ಸಿಗೆ ಹಾಕಿದರು. ಅಲ್ಲಿಯೂ ಅವನು ಮೇಲೆ ಬಂದ. 2004ರ ಬೇಸಿಗೆಯ ಹೊತ್ತಿಗೆ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ನಾಲ್ಕೂ ಕಡೆಗೆ ಅವನೇ ಏರಿಯಾ ಮ್ಯಾನೇಜರ್. ಇಸ್ತ್ರಿ ಮುರಿಯದ ಅಂಗಿ, ಸೊಂಟದಲ್ಲಿ ಮೊಬೈಲು, ಬಾಗಿಲಲ್ಲಿ ಕಂಪನಿಯ ಜೀಪು. ದಿನವೆಲ್ಲ ಡೀಲರುಗಳ ಮುಂದೆ ನಕ್ಕು ನಕ್ಕು ಮನೆಗೆ ಬರುವಷ್ಟರಲ್ಲಿ ಅವನ ಹತ್ತಿರ ಇದ್ದ ನಗುವೆಲ್ಲ ಖರ್ಚಾಗಿರುತ್ತಿತ್ತು. ಮನೆಯವರ ಪಾಲಿಗೆ ಗದರಿಕೆ ಮಾತ್ರ ಉಳಿಯುತ್ತಿತ್ತು.

ಆ ವರ್ಷ ಮೇ ತಿಂಗಳಲ್ಲಿ ಮಗಳು ಗುಲಫಶಾ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾದಳು. ಧಾರವಾಡದಲ್ಲಿ ಸೈನ್ಸ್ ಓದುತ್ತೇನೆ ಎಂದಳು. ಪೇಢೆ ಹಂಚಿ ಮುಗಿಯುವುದರೊಳಗೆ ಮನೆಯಲ್ಲಿ ಜಗಳ ಶುರುವಾಯಿತು.

"ಹಾಸ್ಟೆಲ್‌ನ್ಯಾಗ ಒಬ್ಬಾಕಿನ್ನ ಬಿಡೂದಿಲ್ಲ," ಎಂದರು ಅಯಾಜ್‌ನ ತಂದೆ ಹುಸೇನಪೀರ ಮಾಸ್ತರು. ಮಾಸ್ತರು ಎಂದರೆ ಶಾಲೆಯವರಲ್ಲ, ಬಜಾರದ ಟೇಲರು. "ಓದಬ್ಯಾಡ ಅನ್ನೂದಿಲ್ಲ ನಾ. ತಂದಿ-ತಾಯಿ ಜೋಡಿ ಇದ್ದು ಓದಲಿ."

"ದಾದಾ, ನನ್ನ ಗೆಳತ್ಯಾರೆಲ್ಲಾ ಹಾಸ್ಟೆಲ್‌ಗೇ ಹೊಂಟಾರ," ಎಂದಳು ಗುಲಫಶಾ ಅಜ್ಜನಿಗೆ.

"ಅವರ ದಾದಾನ ಹಂತ್ಯಾಕ ಹೋಗಿ ಹೇಳು ಹಂಗಾರ."

ಗುಲಫಶಾ ತಂದೆಯ ಕಡೆ ತಿರುಗಿದಳು. ಅಯಾಜ್ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದ: "ಧಾರವಾಡದಾಗ ರೀಜನಲ್ ಮ್ಯಾನೇಜರ್ ಜಾಗಾ ಖಾಲಿ ಐತಿ. ಮನಿ ಸೈತ ಕಂಪನಿನ ಕೊಡತೈತಿ. ಆದ್ರ ರಾಮದುರ್ಗದ ಶಂಕರೆಪ್ಪ ಸಾಹುಕಾರ ಈ ವರ್ಷ ನಮ್ಮ ಏಜೆನ್ಸಿ ಬಿಡಬಾರದು. ಬಿಟ್ಟಾ ಅಂದ್ರ ಧಾರವಾಡ ಹೋಗಲಿ, ಈ ಕುರ್ಚಿನೂ ಗಟ್ಟಿ ಇಲ್ಲ."

ಅಂಬರೀನ ಹೆಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತು ನಿಂತಳು. ಧಾರವಾಡ, ಕಂಪನಿಯ ಮನೆ, ಮಗಳ ಕಾಲೇಜು, ತನ್ನದೇ ಒಂದು ಒಲೆ. ಇಷ್ಟೆಲ್ಲ ಇರುವುದು ಶಂಕರೆಪ್ಪ ಎಂಬ ಒಬ್ಬ ಮನುಷ್ಯನ ಕೈಯಲ್ಲಿ. ರೊಟ್ಟಿ ಸೀದ ವಾಸನೆ ಬಂದಾಗ ಅತ್ತೆ ದಿಲಶಾದಬಿ ಒಳಗಿನಿಂದಲೇ ಕೂಗಿದಳು.

ಕಂಪನಿಯ ಎಲ್ಲರಿಗಿಂತ ದೊಡ್ಡ ಡೀಲರ್ ಶಂಕರೆಪ್ಪ ಸಾಹುಕಾರನಿಗೆ ವಯಸ್ಸು ಐವತ್ತು ದಾಟಿತ್ತು, ಹೊಟ್ಟೆ ಮುಂದಕ್ಕೆ ಬಂದಿತ್ತು, ಕ್ರಿಕೆಟ್ಟಿನ ಹುಚ್ಚು ಮಾತ್ರ ಇಳಿದಿರಲಿಲ್ಲ. ಅವನಿಗಾಗಿಯೇ ಕಂಪನಿಯವರು ಪ್ರತಿ ಬೇಸಿಗೆ ಸವದತ್ತಿಯಲ್ಲಿ ಡೀಲರುಗಳ ಮ್ಯಾಚ್ ಇಡುತ್ತಿದ್ದರು. ಒಂದು ಕಡೆ ಡೀಲರುಗಳು, ಇನ್ನೊಂದು ಕಡೆ ಕಂಪನಿಯ ನೌಕರರು. ಅದರ ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಶಂಕರೆಪ್ಪ ಐವತ್ತು ರನ್ ಹೊಡೆಯಬೇಕು. ಬೌಲರುಗಳು ಅವನ ಬ್ಯಾಟಿಗೆ ಒಪ್ಪುವಂತೆ ಹಾಕಬೇಕು, ಕ್ಯಾಚ್ ಬಂದರೆ ಕೈ ಜಾರಬೇಕು, ಅಂಪೈರ್ ಆಗಿ ನಿಂತ ಕಂಪನಿಯ ಡ್ರೈವರ್ ಯಾವ ಕೂಗಿಗೂ ಕಿವುಡನಾಗಬೇಕು. ಐವತ್ತಾದ ಮೇಲೆ ಚಪ್ಪಾಳೆ, ಖಾನಾವಳಿಯಿಂದ ತರಿಸಿದ ಹೋಳಿಗೆ ಊಟ, ಊಟದ ಮೇಲೆ ಏಜೆನ್ಸಿ ಕಾಗದಕ್ಕೆ ಸಹಿ. ಒಂದು ಕಾಲಕ್ಕೆ ಬ್ಯಾಟ್ಸ್‌ಮನ್ನರ ಎದೆ ನಡುಗಿಸಿದ ಅಯಾಜ್ ವರ್ಷಕ್ಕೊಮ್ಮೆ ಅಲ್ಲಿ ನಿಂತು ಮಕ್ಕಳಿಗೆ ಚೆಂಡು ಉರುಳಿಸಿದ ಹಾಗೆ ಬೌಲಿಂಗ್ ಮಾಡುತ್ತಿದ್ದ. ಆ ದಿನ ಮನೆಗೆ ಬಂದವನ ಎದುರು ಯಾರೂ ಸುಳಿಯುತ್ತಿರಲಿಲ್ಲ.

ಪೇಢೆ ಹಂಚಿದ ವಾರದ ಮೇಲೆ ಅಯಾಜ್ ರಾಮದುರ್ಗದಿಂದ ಮುಖ ಗಂಟಿಕ್ಕಿಕೊಂಡು ಬಂದ. ಅಂಬರೀನ ಚಹಾ ತಂದಿಟ್ಟಳು. ಅವನು ಅದನ್ನು ಮುಟ್ಟದೆ ತಂದೆಯ ಮುಂದೆ ಕುಳಿತ.

"ಅಬ್ಬಾ, ಈ ಸಲದ ಮ್ಯಾಚಿಗೆ ನೀವು ಅಂಪೈರ್ ನಿಂದರಬೇಕಂತ. ಸಾಹುಕಾರನ ಮಾತು."

ಮಾಸ್ತರು ಕನ್ನಡಕ ತೆಗೆದರು. "ನಾ ಯಾಕ? ನಿಮ್ಮ ಡ್ರೈವರ್ ಎಲ್ಲಿ ಹೋದಾ?"

"ಬೈಲಹೊಂಗಲದ ಡೀಲರ್ ಯಾವುದೋ ಲಗ್ನದಾಗ ಮಂದಿ ಮುಂದ ಅಂದನಂತ, ಶಂಕರೆಪ್ಪನ ಐವತ್ತು ಕಂಪನಿ ಹಾಕಿದ ಭಿಕ್ಷೆ ಅಂತ. ಸಾಹುಕಾರಗ ಅದು ಚುಚ್ಚೇತಿ. ಹುಸೇನಪೀರ ಮಾಸ್ತರ ನಿಂತು ನಾ ಐವತ್ತು ಹೊಡದ್ರ ಯಾವನೂ ಬಾಯಿ ತಗಿಯೂದಿಲ್ಲ ಅಂದಾ."

ಶಂಕರೆಪ್ಪ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಮಾಸ್ತರ ತೋರುಬೆರಳಿಗೆ ಆ ಭಾಗದಲ್ಲಿ ಹೆಸರಿತ್ತು. ಊರೂರಿನ ಮ್ಯಾಚುಗಳಿಗೆ ಅವರನ್ನು ಕರೆದೊಯ್ಯುತ್ತಿದ್ದ ಕಾಲವಿತ್ತು. ಹುಣಸೆಬೀಜ ಎಡಗಿಸೆಯಲ್ಲಿಟ್ಟುಕೊಂಡು ಬಾಲ್ ಲೆಕ್ಕ ಹಿಡಿಯುವರು, ಔಟ್ ಎಂದು ಎತ್ತಿದ ಬೆರಳು ಇಳಿಸಿದವರಲ್ಲ. 1985ರಲ್ಲಿ ಸವದತ್ತಿ ಮತ್ತು ಬೈಲಹೊಂಗಲದ ನಡುವೆ ಫೈನಲ್. ಕೊನೆಯ ವಿಕೆಟ್. ಅಯಾಜ್ ಸ್ಟಂಪ್ ಕಿತ್ತು ಹಾರಿಸಿದ. ಊರೆಲ್ಲ ಮೈದಾನಕ್ಕೆ ನುಗ್ಗಿತು. ಮಾಸ್ತರು ಮಾತ್ರ ಕೈ ಅಡ್ಡ ಚಾಚಿ ನಿಂತಿದ್ದರು. ನೋಬಾಲ್. ಸವದತ್ತಿ ಸೋತಿತು. ಎರಡು ತಿಂಗಳು ಊರಿನವರು ಅವರ ಅಂಗಡಿಗೆ ಬಟ್ಟೆ ಕೊಡಲಿಲ್ಲ. ಮಗನಂತೂ ಅದನ್ನು ಇವತ್ತಿಗೂ ಮರೆತಿರಲಿಲ್ಲ.

"ನಿಂದರತೇನಿ," ಎಂದರು ಮಾಸ್ತರು. "ಔಟ್ ಆದ್ರ ಔಟ್ ಕೊಡತೇನಿ."

"ಅದನ್ನ ಹೇಳಾಕ ಬಂದೇನಿ ನಾ. ಔಟ್ ಕೊಡಬ್ಯಾಡ್ರಿ."

"ಹಂಗಾರ ನಾ ಯಾಕಪಾ? ಹೊಲದಾಗಿನ ಬೆದರು ಗೊಂಬಿ ತಂದು ನಿಂದರಸು. ಅದೂ ಬೆರಳ ಎತ್ತೂದಿಲ್ಲ."

"ಒಂದ ದಿವಸದ ಮಾತು ರೀ, ಅಬ್ಬಾ!"

"ಒಂದ ದಿವಸಕ್ಕ ಅಂತನ ಎಲ್ಲಾರೂ ಕೇಳೂದು."

ಅಯಾಜ್ ಎದ್ದು ಚಹಾದ ಕಪ್ಪನ್ನು ಹಾಗೆಯೇ ಬಿಟ್ಟು ಹೋದ. ಕೆನೆ ಕಟ್ಟಿದ ಚಹಾವನ್ನು ಅಂಬರೀನ ಮೋರಿಗೆ ಚೆಲ್ಲಿದಳು. ಈ ಮನೆಯಲ್ಲಿ ತಂದೆ ಮಗ ಮಾತಾಡಿದಾಗಲೆಲ್ಲ ಏನಾದರೂ ಚೆಲ್ಲುವ ಕೆಲಸ ತನ್ನದೇ ಆಗುತ್ತದೆಂದು ಅವಳಿಗೆ ಸಿಟ್ಟು ಬಂತು.

ಮುಂದಿನ ದಿನಗಳು ಹೇಗೆ ಕಳೆದವೋ ಮನೆಯ ಗೋಡೆಗಳಿಗೇ ಗೊತ್ತು. ತಂದೆ ಮಗ ಒಂದೇ ಹೊತ್ತಿಗೆ ಊಟಕ್ಕೆ ಕೂರುವುದು ನಿಂತಿತು. ಅಂಬರೀನ ಎರಡೆರಡು ಸಲ ಒಲೆ ಹೊತ್ತಿಸಿ ಸಾರು ಬಿಸಿ ಮಾಡಿದಳು. ಸೀಮೆಎಣ್ಣೆ ಬೇಗ ತೀರಿತೆಂದು ಅತ್ತೆ ಗೊಣಗಿದಳು. ಮೈದುನ ಜುನೇದ್ ತಂದೆಯ ಜೊತೆ ಅಂಗಡಿಯಲ್ಲಿ ಹೊಲಿಯುವವನು. ಅವನು ಅಣ್ಣನಿಗೆ ಬುದ್ಧಿ ಹೇಳಲು ಹೋಗಿ ಬೈಸಿಕೊಂಡ.

"ಅಣ್ಣಾ, ಅಬ್ಬಾನ್ನ ಬಿಟ್ಟುಬಿಡು. ವಯಸ್ಸಾಗೇತಿ."

"ನೀ ಗುಂಡಿ ಹಚ್ಚು, ಸುಮ್ಮನ. ನಿನಗೇನ ಗೊತ್ತು? ಮಗ ಕೂಗಿ ಕೇಳಿದಾಗ ಒಮ್ಮಿನೂ ಎತ್ತಲಿಲ್ಲ ಆ ಬೆರಳ. ಮಂದಿ ಮಕ್ಕಳಿಗೆ ಹತ್ತ ಸಲ ಎತ್ತಿದ್ರು. ನನ್ನ ಪಾಲಿಗೆ ಯಾವಾಗಲೂ ಅನುಮಾನ. ಈಗ ಎತ್ತಬ್ಯಾಡ್ರಿ ಅಂದ್ರ, ಎತ್ತತೇನಿ ಅಂತಾರ!"

ದಿಲಶಾದಬಿ ಗಂಡನಿಗೆ ಬಡಿಸುತ್ತಲೇ ಅಂದಳು: "ಮೊಮ್ಮಗಳ ಬಾಳಿನ ಪ್ರಶ್ನೆ ಐತಿ. ನಿಮಗ ನಿಮ್ಮ ಬೆರಳ ದೊಡ್ಡದಾತು."

"ಸಾರು ಹಾಕು," ಎಂದರು ಮಾಸ್ತರು.

ಗುಲಫಶಾ ಜಗಳವಾಡಲಿಲ್ಲ, ಅಳಲಿಲ್ಲ. ಮನೆಯಿಂದಲೇ ದಿನಾ ಹೋಗಿ ಬರಬಹುದಾದ ಬೈಲಹೊಂಗಲದ ಕಾಲೇಜಿನ ಆರ್ಟ್ಸ್ ಫಾರ್ಮು ತರಿಸಿ ತುಂಬುತ್ತ ಕುಳಿತಳು. ಅಂಬರೀನ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಹುಡುಗಿ ಅತ್ತಿದ್ದರೆ ಅವಳು ಸಮಾಧಾನ ಹೇಳುತ್ತಿದ್ದಳು. ಅಳದೆ ಆಸೆ ಬಿಟ್ಟವಳಿಗೆ ಏನು ಹೇಳುವುದು?

ಮರುದಿನ ಮಧ್ಯಾಹ್ನ ಮಾಸ್ತರ ಬುತ್ತಿಯನ್ನು ಜುನೇದನ ಕೈಗೆ ಕೊಡದೆ ಅವಳೇ ಅಂಗಡಿಗೆ ಹೋದಳು. ಮಾಸ್ತರು ನೆಲದ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಸೊಸೆ ಬಂದದ್ದು ನೋಡಿ ಗೆರೆ ನಿಲ್ಲಿಸಿದರು.

"ಏನವ್ವಾ, ನೀ ಬಂದಿ?"

ಅಂಬರೀನ ಬುತ್ತಿ ಬಿಚ್ಚಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಮಾಸ್ತರು ಒಂದು ತುತ್ತು ತಿಂದ ಮೇಲೆ ಮಾತು ತೆಗೆದಳು. ಅಷ್ಟು ವರ್ಷದಲ್ಲಿ ಮಾವನ ಎದುರು ಅವಳು ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಅಬ್ಬಾ, ನೀವು ಹಾಸ್ಟೆಲ್‌ಗೆ ಕಳಸೂದಿಲ್ಲ ಅಂತೀರಿ. ಔಟ್ ಇದ್ರ ಔಟ್ ಕೊಡತೇನಿ ಅಂತೀರಿ. ಎರಡೂ ನಿಮ್ಮ ಮಾತ ನಡೀಬೇಕು. ಹಂಗಾರ ನನ್ನ ಮಗಳು ಎಲ್ಲಿಗೆ ಹೋಗಬೇಕ್ರಿ?"

ಮಾಸ್ತರು ರೊಟ್ಟಿ ಮುರಿದರು, ಬಾಯಿಗೆ ಇಡಲಿಲ್ಲ.

"ಎರಡರೊಳಗ ಒಂದ ಬಿಡ್ರಿ," ಎಂದಳು ಅಂಬರೀನ. "ಹಾಸ್ಟೆಲ್ ಮಾತಾದ್ರೂ ಬಿಡ್ರಿ, ಬೆರಳಾದ್ರೂ ಬಿಡ್ರಿ."

ಆಚೆ ಕಡೆ ಜುನೇದ್ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿದ್ದ. ಮಾಸ್ತರು ಕೈ ತೊಳೆದುಕೊಂಡರು. ಬುತ್ತಿಯಲ್ಲಿ ಅರ್ಧ ಉಳಿದಿತ್ತು.

"ಒಬ್ಬಾಕಿನ್ನ ಕಳಸಾಕ ನನ್ನ ಜೀವ ಒಪ್ಪೂದಿಲ್ಲವ್ವಾ," ಎಂದರು. "ಹೋಗು. ಬೆರಳ ಕಿಸೆದಾಗ ಇಡತೇನಿ."

ಗೆದ್ದೆ ಎಂದು ಅಂಬರೀನಳಿಗೆ ಅನಿಸಬೇಕಿತ್ತು. ಬಜಾರದ ಬಿಸಿಲಲ್ಲಿ ಖಾಲಿಯಾಗದ ಬುತ್ತಿ ಹಿಡಿದು ಮನೆಗೆ ನಡೆಯುವಾಗ ಅನಿಸಲಿಲ್ಲ.

ಹಳೆಯ ಅಂಪೈರ್ ಕೋಟು ಮಾಸಿ ಹಳದಿಯಾಗಿತ್ತು. ಮಾಸ್ತರು ಹೊಸದು ಹೊಲಿದರು. ದಪ್ಪ ಬಿಳಿ ಡ್ರಿಲ್ ಬಟ್ಟೆ, ಎರಡೂ ಕಡೆ ಆಳವಾದ ಕಿಸೆ. ಕಿಸೆಗೆ ಅವರು ಯಾವಾಗಲೂ ಎರಡೆರಡು ಹೊಲಿಗೆ ಹಾಕುವರು. ಅವರ ಕೈಯಲ್ಲಿ ಹೊಲಿಸಿಕೊಂಡವರು ಪ್ಯಾಂಟು ಹರಿದರೂ ಕಿಸೆ ಹರಿಯುವುದಿಲ್ಲ ಎನ್ನುತ್ತಿದ್ದರು. ಮ್ಯಾಚಿನ ಹಿಂದಿನ ಸಂಜೆ ಅದಕ್ಕೆ ಇಸ್ತ್ರಿ ಹಾಕಿದವಳು ಅಂಬರೀನ.

ಭಾನುವಾರ ಬಿಸಿಲೇರುವ ಮೊದಲೇ ಹೈಸ್ಕೂಲ್ ಮೈದಾನದಲ್ಲಿ ಶಾಮಿಯಾನ ಎದ್ದಿತ್ತು. ಡೀಲರುಗಳ ಹೆಂಡಂದಿರ ಸಾಲಿನಲ್ಲಿ ಅಂಬರೀನ, ಪಕ್ಕದಲ್ಲಿ ಗುಲಫಶಾ. ಶಂಕರೆಪ್ಪ ಹೊಸ ಪ್ಯಾಡು ಕಟ್ಟಿಕೊಂಡು ಇಳಿದ. ಮಾಸ್ತರಿಗೆ ಕೈ ಮುಗಿದು ಎಲ್ಲರಿಗೂ ಕೇಳುವ ಹಾಗೆ, "ಮಾಸ್ತರ, ಔಟ್ ಇದ್ರ ಮುಲಾಜಿಲ್ಲದ ಕೊಡ್ರಿ!" ಎಂದ. ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಮಾಸ್ತರು ಬಲಗೈಯನ್ನು ಕಿಸೆಯಲ್ಲಿ ಇಟ್ಟುಕೊಂಡರು.

ಆಟ ಪದ್ಧತಿಯಂತೆ ನಡೆಯಿತು. ಲಗಮಣ್ಣ ಎಂಬ ಗೋದಾಮಿನ ಮೇಸ್ತ್ರಿ ಕೈಗೆ ಬಂದ ಕ್ಯಾಚನ್ನು ಕಷ್ಟಪಟ್ಟು ಬಿಟ್ಟ. ಶಂಕರೆಪ್ಪ ನಲವತ್ತು ದಾಟಿದ. ಅಯಾಜ್ ಬೌಲಿಂಗಿಗೆ ಬಂದ. ಅವನು ಹಾಕಿದ ಮೊದಲ ಬಾಲನ್ನು ಸಾಹುಕಾರ ಬೌಂಡರಿಗೆ ಅಟ್ಟಿ, ಬ್ಯಾಟಿನ ಮೇಲೆ ಭಾರ ಹಾಕಿ ನಿಂತ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನಿಗೆ ಹುಮ್ಮಸ್ಸು ತಲೆಗೇರಿತ್ತು.

"ಏನಪಾ ಅಯಾಜ್, ನೀ ಫಾಸ್ಟ್ ಬೌಲರ್ ಇದ್ದೀ ಅಂತಾರಲ್ಲ ಮಂದಿ? ಯಾರಿಗೆ ಹಾಕತಿದ್ದಿ, ಹೆಣ್ಣಮಕ್ಕಳಿಗೇನು?"

ಶಾಮಿಯಾನ ಗೊಳ್ಳೆಂದು ನಕ್ಕಿತು. ಬೈಲಹೊಂಗಲದ ಡೀಲರೂ ನಕ್ಕ. ಗುಲಫಶಾ ತಾಯಿಯ ಕೈ ಹಿಡಿದುಕೊಂಡಳು. ಅಯಾಜ್ ತಾನೂ ನಕ್ಕ. ಆ ನಗು ಅಂಬರೀನಳಿಗೆ ಗೊತ್ತಿತ್ತು, ಮನೆಗೆ ಬರುವಷ್ಟರಲ್ಲಿ ಖರ್ಚಾಗುವ ನಗು. ಅವನು ಚೆಂಡನ್ನು ಪ್ಯಾಂಟಿಗೆ ತಿಕ್ಕುತ್ತ ಹಿಂದಕ್ಕೆ ನಡೆದ. ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಇನ್ನೂ ಹಿಂದೆ ಹೋದ.

"ಬ್ಯಾಡ," ಎಂದಳು ಅಂಬರೀನ, ತನ್ನಷ್ಟಕ್ಕೇ. "ಬ್ಯಾಡ್ರಿ."

ಅಯಾಜ್ ಓಡಿ ಬಂದ. ಮೊಣಕಾಲು, ಹೊಟ್ಟೆ, ನಡುವಯಸ್ಸು ಎಲ್ಲ ಅವನ ಜೊತೆಗೇ ಓಡಿ ಬಂದವು, ಆದರೆ ಕೈ ಮಾತ್ರ ಹಳೆಯದೇ. ಚೆಂಡು ನೆಲಕ್ಕೆ ಬಿದ್ದು ಹೊರಕ್ಕೆ ತಿರುಗಿತು. ಬ್ಯಾಟಿನ ಅಂಚಿಗೆ ತಾಗಿದ ಸದ್ದು ಶಾಮಿಯಾನದವರೆಗೆ ಕೇಳಿಸಿತು. ಕೀಪರ್ ಆಗಿ ನಿಂತಿದ್ದ ಆಫೀಸಿನ ಕ್ಲಾರ್ಕ್ ಅಜಿತನಿಗೆ ಬಿಡಲೂ ಪುರಸೊತ್ತು ಸಿಗಲಿಲ್ಲ. ಚೆಂಡು ತಾನಾಗಿ ಹೋಗಿ ಗ್ಲೌಸಿನಲ್ಲಿ ಕುಳಿತಿತು. ಅವನು ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವನಂತೆ ಅದನ್ನು ನೋಡುತ್ತ ನಿಂತ.

ಯಾರೂ ಕೂಗಲಿಲ್ಲ. ಅಯಾಜ್ ಒಬ್ಬನೇ ಗರ್ರನೆ ತಿರುಗಿ, ಎರಡೂ ಕೈ ಎತ್ತಿ, ಮೈದಾನ ನಡುಗುವಂತೆ ಕೂಗಿದ. ಮಗಳ ಕಾಲೇಜು, ಧಾರವಾಡ, ಏಜೆನ್ಸಿ ಒಂದೂ ಅವನ ತಲೆಯಲ್ಲಿ ಇರಲಿಲ್ಲ. ಇಪ್ಪತ್ತರ ಹುಡುಗನ ಮುಖ ಅದು. ಮದುವೆಗೆ ಮುಂಚಿನ ಆ ಮುಖವನ್ನು ಅಂಬರೀನ ಅವತ್ತೇ ಮೊದಲ ಸಲ ನೋಡಿದಳು. ಅವಳಿಗೆ ಒಂದು ಕ್ಷಣ, ಕೊಟ್ಟುಬಿಡಲಿ, ಹಾಳಾಗಿ ಹೋಗಲಿ ಎಲ್ಲ ಎನಿಸಿತು.

ಶಂಕರೆಪ್ಪ ಶಾಮಿಯಾನದ ಕಡೆ ಒಂದು ಹೆಜ್ಜೆ ಇಟ್ಟು, ಮಾಸ್ತರ ಮುಖ ನೋಡಿ ನಿಂತ. ಮಾಸ್ತರ ಬಲಗೈ ಕಿಸೆಯಲ್ಲೇ ಇತ್ತು. ಮೊಣಕೈ ಮಾತ್ರ ಒಮ್ಮೆ ಅಲುಗಿತು.

"ನಾಟೌಟ್," ಎಂದರು.

"ಅಬ್ಬಾ!" ಎಂದ ಅಯಾಜ್. ಎತ್ತಿದ ಕೈ ಇಳಿಸಿರಲಿಲ್ಲ.

"ನಾಟೌಟ್ ಅಂದೆ. ಬಾಲ್ ಹಾಕು."

ಸಾಹುಕಾರ ಐವತ್ತು ಹೊಡೆದ. ಹೋಳಿಗೆ ಊಟವಾಯಿತು. ಹುಸೇನಪೀರ ಮಾಸ್ತರರ ಕಣ್ಣ ಮುಂದೆ ಹೊಡೆದ ಐವತ್ತು, ಇನ್ನು ಯಾರು ಬೇಕಾದರೂ ಮಾತಾಡಲಿ ಎಂದು ಭಾಷಣ ಮಾಡಿ ಅಲ್ಲಿಯೇ ಸಹಿ ಹಾಕಿದ. ಮಾಸ್ತರು ಊಟಕ್ಕೆ ನಿಲ್ಲದೆ ಅಂಗಡಿಗೆ ಹೋಗಿದ್ದರು.

ಸಂಜೆ ಅವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಯಾಜ್ ಎದುರು ನಿಂತ.

"ಔಟ್ ಇತ್ತೋ ಇಲ್ಲೋ?"

"ನಾಟೌಟ್ ಕೊಟ್ಟೇನಲ್ಲಪಾ."

"ಏನ ಕೊಟ್ರಿ ಅಂತ ಕೇಳಲಿಲ್ಲ. ಏನ ಇತ್ತು ಅಂತ ಕೇಳಿದೆ."

"ಮ್ಯಾಚ್ ಮುಗದೈತಿ."

"ಹದಿನೈದು ವರ್ಷದಾಗ ಒಂದ ಬಾಲ್ ಹಾಕೇನಿ ನಾ, ಒಂದ!" ಅಯಾಜ್ ದಾರಿ ಬಿಡಲಿಲ್ಲ. "ಅದನ್ನೂ ನುಂಗಿದ್ರಿ."

ದಿಲಶಾದಬಿಗೆ ತಡೆಯಲಾಗಲಿಲ್ಲ. "ಏನೋ ನಿಂದು? ಎತ್ತಬ್ಯಾಡ್ರಿ ಅಂದಾವ ನೀನ, ಎತ್ತಲಿಲ್ಲ ಅಂತ ಒದರಾವನೂ ನೀನ! ಮುದುಕ ಏನ ಮಾಡಬೇಕಿತ್ತು?"

ಅಯಾಜ್ ಬಾಗಿಲು ಬಡಿದು ಹೊರಗೆ ಹೋದ. ಮಾಸ್ತರು ಕೋಟು ಬಿಚ್ಚಿ ಸುತ್ತಿ ಬಟ್ಟೆ ಹಾಕುವ ಹಗ್ಗದ ಮೂಲೆಗೆ ಹಾಕಿದರು.

ಜೂನ್ ಮೊದಲ ವಾರ ಬಡ್ತಿಯ ಆದೇಶ ಬಂತು. ಗುಲಫಶಾಳಿಗೆ ಧಾರವಾಡದಲ್ಲಿ ಸೀಟೂ ಸಿಕ್ಕಿತು. ಮನೆಯಲ್ಲಿ ಸಂತೋಷ ಇರಬೇಕಿತ್ತು. ಅಯಾಜ್ ಹೋದಲ್ಲಿ ಬಂದಲ್ಲಿ, "ಅಬ್ಬಾನ ಕಿವಿ ಹೋಗೇತಿ, ಬ್ಯಾಟ್ ತಾಗಿದ್ದು ಕೇಳಸಲಿಲ್ಲ ಅವರಿಗೆ," ಎಂದು ಹೇಳತೊಡಗಿದ. ಮೊದಲು ಸಿಟ್ಟಿಗೆ ಹೇಳಿದ, ಆಮೇಲೆ ನಂಬಿಯೇ ಬಿಟ್ಟ. ಕೂಗಿದರೆ ಕೇಳುವ ಮಾಸ್ತರು ಆ ಮಾತು ಬಂದಾಗಲೆಲ್ಲ ಕೇಳದವರಂತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಬೇರೆ ಊರಿನವರು ಅಂಪೈರಿಂಗಿಗೆ ಕರೆಯಲು ಬಂದರು. ಬಿಟ್ಟಿದ್ದೇನೆ ಎಂದು ಅಂಗಡಿಯಿಂದಲೇ ಕಳಿಸಿದರು.

ಸಾಮಾನು ಕಟ್ಟುವ ದಿನ ಅಂಬರೀನ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಅಂಗಡಿಗೆ ಹೊರಟ ಮಾಸ್ತರು ಬಾಗಿಲಲ್ಲಿ ನಿಂತು ಹೇಳಿದರು: "ಅಂಬರೀನ, ಆ ಬಿಳಿ ಕೋಟ ತೊಳದು ಹರದ ಇಡವ್ವಾ. ಇಸ್ತ್ರಿ ಮೇಜಿನ ಮ್ಯಾಲ ಹಾಸಾಕ ಆಗತೈತಿ."

"ಹೊಸಾದೈತಲ್ರಿ, ಅಬ್ಬಾ. ಒಂದ ಸಲ ಹಾಕ್ಕೊಂಡೀರಿ."

"ಸಾಕಾತು ಅದರದು."

ಅವರು ಹೋದ ಮೇಲೆ ಅವಳು ಕೋಟು ಬಿಡಿಸಿದಳು. ಎಡಗಿಸೆಯಿಂದ ಹುಣಸೆಬೀಜ ತೆಗೆದಿಟ್ಟಳು. ಬಲಗಿಸೆಯಲ್ಲಿ ಏನಾದರೂ ಇದೆಯೋ ಎಂದು ಕೈ ಹಾಕಿದವಳು ಹಾಗೆಯೇ ನಿಂತಳು. ಆಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೂ ತಿಳಿಯಲಿಲ್ಲ. ಮಾವನ ಬುತ್ತಿ ಅರ್ಧ ಉಳಿದದ್ದು ನೆನಪಾಯಿತು. ಕೋಟು ಹಿಡಿದು ಪಡಸಾಲೆಗೆ ಬಂದಳು.

ಅಯಾಜ್ ಟ್ರಂಕಿಗೆ ಹಗ್ಗ ಬಿಗಿಯುತ್ತ ಜುನೇದನಿಗೆ ಹೇಳುತ್ತಿದ್ದ: "ಅಬ್ಬಾನ್ನ ಒಮ್ಮೆ ಕಿವಿ ಡಾಕ್ಟರ್‌ಗೆ ತೋರಸು. ಅಷ್ಟ ದೊಡ್ಡ ಸಪ್ಪಳಾ ಕೇಳಸಲಿಲ್ಲ ಅಂದ್ರ..."

ಅಂಬರೀನ ಕೋಟನ್ನು ಅವನ ತೊಡೆಯ ಮೇಲೆ ಒಗೆದಳು. "ಬಲಗಿಸೆದಾಗ ಕೈ ಹಾಕ್ರಿ."

"ಏನೈತಿ ಅದರಾಗ?"

"ಹದಿನೇಳ ವರ್ಷ ನಿಮ್ಮಿಬ್ಬರ ನಡಕ ಬಡಿಸಿ ಬಡಿಸಿ ಸಾಕಾಗೇತಿ ನನಗ. ಹಾಕ್ರಿ ಕೈ!"

ಹೆಂಡತಿ ಹೀಗೆ ಕೂಗಿದ್ದನ್ನು ಅಯಾಜ್ ಕೇಳಿರಲಿಲ್ಲ. ಕೈ ಹಾಕಿದ. ಅವನ ತೋರುಬೆರಳು ಕಿಸೆಯ ತಳದಿಂದ ಹೊರಗೆ ಬಂತು. ಮಾಸ್ತರು ಹಾಕಿದ ಎರಡೂ ಹೊಲಿಗೆ ಗಟ್ಟಿಯಾಗಿಯೇ ಇದ್ದವು. ಹರಿದದ್ದು ಬಟ್ಟೆ, ಬೆರಳಿನ ಅಗಲಕ್ಕೆ, ಆ ದಪ್ಪ ಡ್ರಿಲ್ ಬಟ್ಟೆಯೇ ಹರಿದಿತ್ತು.

ಜುನೇದ್ ಹಗ್ಗದ ತುದಿ ಬಿಟ್ಟ. ಹೊರಗೆ ಸಾಮಾನಿನ ಲಾರಿಯವನು ಹಾರ್ನ್ ಹೊಡೆದ, ಮತ್ತೊಮ್ಮೆ ಹೊಡೆದ. ಅಯಾಜ್ ಕೈಯನ್ನು ಕಿಸೆಯಿಂದ ಹೊರಗೆ ತೆಗೆಯಲಿಲ್ಲ.